ಬಿದ್ದ ಕನಸನ್ನು ಬರೆದಿಟ್ಟು ಓದುವ ಬಗೆ: ಮನಸ್ಸಿನ ಗಾಯಕ್ಕೂ ಅಧ್ಯಾತ್ಮ ಸಾಧನೆಗೂ ಒಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೂ ‘ಕೆಟ್ಟ ಕನಸು ಬಿತ್ರೀ’ ಅಂದರೆ ಮನೆಯ ಹಿರಿಯರು ಮೊದಲು ಕೇಳುವುದು, ‘ಯಾವ ಹೊತ್ತಿನಾಗ ಬಿತ್ತು?’ ಬೆಳಗಿನ ಜಾವದ್ದಾದರೆ ಖರೇ ಆಗುತ್ತದೆ, ನಡುರಾತ್ರಿಯದಾದರೆ ಬಿಟ್ಟುಬಿಡು ಎಂಬ ಲೆಕ್ಕ ಅವರದು. ಆಮೇಲೆ ‘ಏನು ಕಂಡಿ?’ ಹಾವು ಕಂಡರೆ ಇಂಥದ್ದು, ಹಲ್ಲು ಬಿದ್ದರೆ ಇಂಥದ್ದು, ಮದುವೆ ಕಂಡರೆ ಸಾವಿನ ಸುದ್ದಿ. ಜಾತ್ರೆಯಲ್ಲಿ ಮಾರುವ ಕನಸಿನ ಫಲದ ಪುಸ್ತಕಗಳೂ ಇದೇ ಧಾಟಿಯವು. ಈ ಬರಹದ ದಾರಿ ಬೇರೆ. ನಾಳೆ ಏನಾಗುತ್ತದೆ ಎಂದು ಕನಸನ್ನು ಕೇಳುವುದು ಬಿಟ್ಟು, ನನ್ನೊಳಗೆ ಇವತ್ತು ಏನು ಬಾಕಿ ಉಳಿದಿದೆ ಎಂದು ಕೇಳುವ ಕೆಲಸ ಇದು.

ಫಲವನ್ನೇ ನಂಬಿದವರಿಗೂ ಒಂದು ಮಾತು. ಚರಕಸಂಹಿತೆಯ ಇಂದ್ರಿಯಸ್ಥಾನದ ಐದನೆಯ ಅಧ್ಯಾಯ ಕನಸನ್ನು ಏಳು ಬಗೆ ಮಾಡುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವಂಥದ್ದು, ವಾತ-ಪಿತ್ತ-ಕಫ ದೋಷಗಳಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ಅಲ್ಲಿಯೇ ಹೇಳಿದೆ. ಹಗಲು ಬಿದ್ದದ್ದು, ತೀರಾ ಗಿಡ್ಡದ್ದು, ತೀರಾ ಉದ್ದದ್ದು ಇವೂ ಲೆಕ್ಕಕ್ಕಿಲ್ಲ. ಭವಿಷ್ಯ ಹೇಳುವವರು ಹೀಗೆ ಬದಿಗೆ ಸರಿಸಿದ ಆ ಐದೇ ನಮಗೆ ಬೇಕಾದ ಸರಕು. ಕಂಡದ್ದು, ಕೇಳಿದ್ದು, ಬಯಸಿದ್ದು ಅಂದರೆ ಮತ್ತೇನು, ನಮ್ಮದೇ ಬದುಕು.

ಮೊದಲ ಹೆಜ್ಜೆ: ನಿದ್ದೆಗೆ ಅದರ ಪಾಲು ಕೊಡಿ

1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಒಂದು ಸಂಗತಿ ಪ್ರಕಟಿಸಿದರು. ಮಲಗಿದವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಕೆಳಗೆ ಸರಸರ ಹೊರಳುವ ಒಂದು ಹಂತವಿದೆ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹಳ ಮಂದಿ ಕನಸು ಹೇಳುತ್ತಾರೆ. ರೆಮ್ ನಿದ್ದೆ ಎನ್ನುವುದು ಇದಕ್ಕೇ. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ರಾತ್ರಿಗೆ ನಾಲ್ಕೈದು ಸಲ ಇದು ಬಂದು ಹೋಗುತ್ತದೆ. ಮೊದಲ ಸಲ ಕೆಲವೇ ನಿಮಿಷ. ಬೆಳಗಾಗುತ್ತ ಬಂದಂತೆ ಅರ್ಧ ಗಂಟೆಯನ್ನೂ ಮೀರಬಹುದು. ಹಿರಿಯರು ಬೆಳಗಿನ ಜಾವದ ಕನಸಿಗೆ ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ. ಅದು ಉದ್ದ, ಕಣ್ಣಿಗೆ ಕಟ್ಟುವಂಥದ್ದು, ಬೆನ್ನಿಗೇ ಎಚ್ಚರವಾಗುವುದರಿಂದ ನೆನಪೂ ಉಳಿಯುತ್ತದೆ. ಖರೇ ಆಗುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ಇದರಿಂದ ತಿಳಿಯುವುದು ಇಷ್ಟು: ಕೊನೆಯ ಎರಡು ತಾಸಿನ ನಿದ್ದೆ ಕತ್ತರಿಸಿದರೆ ಕನಸಿನ ದೊಡ್ಡ ಪಾಲೇ ಹೋಯಿತು. ನಳಕ್ಕೆ ನೀರು ಬರುವ ದಿನ ನಸುಕಿನಲ್ಲಿ ಎದ್ದು ಕೊಡ ಹಚ್ಚುವ ಮನೆಯವರು ‘ನನಗ ಕನಸೇ ಬೀಳೂದಿಲ್ರೀ’ ಅಂದರೆ ಆಶ್ಚರ್ಯವಿಲ್ಲ. ಅಂಥ ದಿನ ಬಿಟ್ಟು ಉಳಿದ ದಿನಗಳಲ್ಲಾದರೂ ಏಳು ತಾಸು ಮಲಗಿ. ಕುಡಿತ ಈ ಕೆಲಸಕ್ಕೆ ಕಡು ವೈರಿ. ಅದು ರಾತ್ರಿಯ ಮೊದಲರ್ಧದಲ್ಲಿ ರೆಮ್ ನಿದ್ದೆಯನ್ನು ಅದುಮಿಡುತ್ತದೆ, ಇಳಿದ ಮೇಲೆ ಹರಕು ನಿದ್ದೆಯನ್ನೂ ಕೆಟ್ಟ ಕನಸನ್ನೂ ತರುತ್ತದೆ.

ಎರಡನೆಯ ಹೆಜ್ಜೆ: ಮಗ್ಗಲು ಬದಲಿಸುವ ಮುನ್ನ

ಎಚ್ಚರವಾದ ಕೂಡಲೇ ಅಲುಗಾಡಬೇಡಿ, ಕಣ್ಣು ತೆರೆಯಬೇಡಿ. ಕೊನೆಗೆ ಕಂಡದ್ದನ್ನು ಗಟ್ಟಿ ಹಿಡಿದು ‘ಇದಕ್ಕೂ ಮೊದಲು ಏನಿತ್ತು?’ ಎಂದು ಹಿಂದಕ್ಕೆ ಹೋಗಿ. ಏನೂ ಸಿಗದಿದ್ದರೆ ರಾತ್ರಿ ಮಲಗಿದ್ದ ಮಗ್ಗಲಿಗೇ ಮೆಲ್ಲಗೆ ಹೊರಳಿ ನೋಡಿ. ಕೆಲವರಿಗೆ ಅದರಿಂದ ತುಣುಕು ಸಿಗುತ್ತದೆ. ಆಮೇಲೆ ತಲೆದಿಂಬಿನ ಬದಿಯ ನೋಟ್‌ಬುಕ್ಕಿಗೆ ಕೈ ಹಾಕಿ. ಮೊಬೈಲ್ ಬೇಡ ಎನ್ನುತ್ತೇನೆ. ಬರೆಯಬೇಕೆಂದು ಎತ್ತಿಕೊಂಡ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಮೊದಲು ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ಕನಸು ಮುಗಿಯಿತು. ಬರೆಯಲು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲು ಅದು ಬೇಕಾಗುತ್ತದೆ, ಅಷ್ಟೇ.

ನೋಟ್‌ಬುಕ್ಕಿನ ಎಡಪುಟ ಕನಸಿಗೆ, ಬಲಪುಟ ಹಿಂದಿನ ದಿನಕ್ಕೆ. ಬರೆಯುವಾಗ ಶಾಲೆಯ ಕನ್ನಡ ಬೇಡ. ಅಡುಗೆಮನೆಯಲ್ಲಿ ಅವ್ವನ ಕೂಡ ಆಡುವ ಮಾತಿನಲ್ಲೇ ಬರೆಯಿರಿ. ‘ನಾನು ಭಯಭೀತಳಾದೆನು’ ಎಂದು ಬರೆದವರಿಗೆ ಏನೂ ತಟ್ಟುವುದಿಲ್ಲ. ‘ಕೈಕಾಲಾಗಿನ ಶಕ್ತೀನ ಹೋತು’ ಎಂದು ಬರೆದರೆ ಓದುವಾಗ ಮತ್ತೊಮ್ಮೆ ಕೈಕಾಲು ಸಡಿಲಾಗುತ್ತವೆ. ಈಗ ನಡೆಯುತ್ತಿದೆ ಎನ್ನುವಂತೆ ಬರೆಯಿರಿ, ತಿದ್ದಬೇಡಿ, ಮೇಲೊಂದು ಹೆಸರು ಕೊಡಿ. ಏನೂ ನೆನಪಾಗದ ದಿನ ‘ಏನೂ ಇಲ್ಲ, ಎದಿ ಭಾರ ಐತಿ’ ಎಂಬ ಒಂದು ಸಾಲಾದರೂ ಇರಲಿ. ದಿನಾಲೂ ಕೇಳುವವರಿದ್ದಾರೆ ಎಂದಾದ ಮೇಲೆ ನೆನಪು ತಾನೇ ಕುದುರುತ್ತದೆ.

ಒಂದು ಮಾದರಿ ಪುಟ ನೋಡೋಣ. ಹುಬ್ಬಳ್ಳಿಯ ನವನಗರದಲ್ಲಿದ್ದು ನೌಕರಿ ಮಾಡುವ, ಗದಗ ಜಿಲ್ಲೆಯ ಹಳ್ಳಿಯಲ್ಲಿ ತವರಿರುವ, ವರ್ಷದ ಹಿಂದೆ ಅವ್ವನನ್ನು ಕಳೆದುಕೊಂಡ ಒಬ್ಬಾಕೆ ಎಂದು ಇಟ್ಟುಕೊಳ್ಳಿ. ಆಕೆಯ ಎಡಪುಟ:

“ಹೆಸರು: ಒದ್ದಿ ಕೌದಿ. ಹಳೇ ಬಸ್ ಸ್ಟ್ಯಾಂಡಿನಾಗ ನಿಂತೇನಿ. ಗದಗ ಬಸ್ ಹೊಂಟೈತಿ. ಬಗಲಾಗ ಅವ್ವನ ಕೌದಿ. ತೊಯ್ದೈತಿ, ನೀರು ಸೋರಾಕ ಹತ್ತೈತಿ, ಎತ್ತಾಕ ಆಗವಲ್ದು. ಕಂಡಕ್ಟರ್ ಸೀಟಿ ಹೊಡೀತಾನ. ಹತ್ತಿದ್ನೋ ಇಲ್ಲೋ ಗೊತ್ತಿಲ್ಲ, ಚಿಲ್ಲರಿ ಕೊಡು ಅಂತಾನ. ಮಾರಿ ನೋಡಿದ್ರ ನಮ್ಮಣ್ಣ. ನನ್ನ ಕಡೆ ಚಿಲ್ಲರಿ ಇಲ್ಲ. ಎಚ್ಚರ ಆತು. ಗಂಟಲ ಕಟ್ಟಿತ್ತು.”

ಬಲಪುಟದಲ್ಲಿ: ಆಫೀಸಿನಲ್ಲಿ ತಿಂಗಳ ಲೆಕ್ಕ ಮುಗಿಸಿದ್ದು, ಸಂಜೆ ಚಿಗರಿ ಬಸ್ಸಿನಲ್ಲಿ ನಿಂತೇ ಬಂದದ್ದು, ಅಣ್ಣನ ಫೋನ್ ಬಂದಾಗ ಎತ್ತದೆ ಬಿಟ್ಟದ್ದು. ಹಿಂದಿನ ದಿನವಷ್ಟೇ ಅಲ್ಲ, ಐದಾರು ದಿನ ಹಿಂದಿನ ಪುಟವನ್ನೂ ತಿರುವಿ ನೋಡಬೇಕು. ನಡೆದ ಸಂಗತಿ ಕನಸಿಗೆ ಬರುವುದು ಒಂದೋ ಅದೇ ರಾತ್ರಿ, ಇಲ್ಲವೇ ಐದರಿಂದ ಏಳು ದಿನ ಬಿಟ್ಟು ಮತ್ತೊಮ್ಮೆ ಎಂಬುದು ಸಂಶೋಧಕರು ಗಮನಿಸಿದ ವಿಚಿತ್ರ. ಈಕೆಯ ಪುಟದಲ್ಲಿ ವಾರದ ಹಿಂದೆ ಊರಿನ ಸಂಬಂಧಿಕರೊಬ್ಬರು ಮನೆ ವಾಟ್ನಿಯ, ಅಂದರೆ ಆಸ್ತಿ ಪಾಲು ಮಾಡುವ, ಮಾತು ತೆಗೆದದ್ದು ಸಿಗುತ್ತದೆ.

ಮೂರನೆಯ ಹೆಜ್ಜೆ: ಮೊದಲು ಭಾವ

ಕೌದಿ ಅಂದರೇನು, ಬಸ್ ಅಂದರೇನು ಎಂದು ಕೂಡಲೇ ಅರ್ಥ ಹುಡುಕಲು ಹೊರಟವರು ದಾರಿ ತಪ್ಪುತ್ತಾರೆ. ಮೊದಲು ಎದ್ದಾಗ ಇದ್ದ ಭಾವವನ್ನು ಹೆಸರು ಹಿಡಿದು ಕರೆಯಿರಿ. ಅಂಜಿಕೆಯೋ, ಸಿಟ್ಟೋ, ನಾಚಿಕೆಯೋ, ಕಳವಳವೋ, ಹಳಹಳಿಯೋ? ಮೈಯಲ್ಲಿ ಎಲ್ಲಿತ್ತು? ಎದೆಯಲ್ಲಿ, ಹೊಟ್ಟೆಯಲ್ಲಿ, ಗಂಟಲಲ್ಲಿ? ಆಮೇಲೆ ಒಂದೇ ಪ್ರಶ್ನೆ: ಎಚ್ಚರದ ಬದುಕಿನಲ್ಲಿ ಈ ಭಾವ ಇತ್ತೀಚೆಗೆ ಎಲ್ಲಿ ಬಂದಿತ್ತು?

ನಮ್ಮ ಈಕೆ ಮೊದಲು ‘ಬಸ್ ತಪ್ಪೀತೆಂಬ ಗಾಬರಿ’ ಎಂದು ಬರೆದು, ತುಸು ಕೂತು, ಅದನ್ನು ಹೊಡೆದು ‘ನಾಚಿಕಿ’ ಎಂದು ಬರೆಯುತ್ತಾಳೆ. ಹೀಗೆ ಎರಡನೆಯ ಸಲ ಬರೆದದ್ದೇ ಬಹಳ ಸಲ ಖರೇದಿರುತ್ತದೆ.

ನಾಲ್ಕನೆಯ ಹೆಜ್ಜೆ: ಕಂಡದ್ದನ್ನು ಒಂದೊಂದಾಗಿ ವಿಚಾರಿಸುವುದು

ಇಲ್ಲಿ ಅವಸರ ಮಾಡಬೇಡಿ. ಬೆಡಗಿನ ವಚನ, ತತ್ವಪದ ಕೇಳಿ ಬೆಳೆದ ನಮ್ಮ ಭಾಗದವರಿಗೆ ಈ ಕೆಲಸ ಹೊಸದೇನಲ್ಲ. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫಜ್ಜ (1819–1889) ಕೋಡಗವನ್ನು ಕೋಳಿಯಿಂದ ನುಂಗಿಸಿದಾಗ ಭಜನೆಯವರಾರೂ ಹಾಗಾಗುವುದು ಹೇಗೆಂದು ತಕರಾರು ತೆಗೆಯುವುದಿಲ್ಲ. ತಾಳ ಹಾಕುತ್ತಲೇ ತಮ್ಮ ಬಾಳಿನಲ್ಲಿ ಯಾವುದು ಯಾವುದನ್ನು ನುಂಗಿತು ಎಂದು ಒಳಗೇ ತೂಗುತ್ತಾರೆ. ಕನಸನ್ನೂ ಹಾಗೇ ಓದಬೇಕು.

ಪ್ರತಿಯೊಂದು ವಸ್ತು, ವ್ಯಕ್ತಿ, ಜಾಗದ ಮುಂದೆ ಈ ಪ್ರಶ್ನೆಗಳನ್ನು ಇಡಿ. ಇದನ್ನು ಮೊದಲ ಸಲ ಎಲ್ಲಿ ನೋಡಿದ್ದೆ? ಕಂಡೊಡನೆ ಯಾರ ನೆನಪಾಗುತ್ತದೆ? ಇದು ನನ್ನ ಬದುಕಿನಲ್ಲಿ ಏನು ಕೆಲಸ ಮಾಡಿತ್ತು? ಕನಸಿನಲ್ಲಿ ಎಲ್ಲಿ ಎಂದಿನಂತಿಲ್ಲ? ಕೊನೆಯದು ಮುಖ್ಯ. ಕೌದಿ ಇರುವುದು ಹಾಸಲು, ಹೊದೆಯಲು. ಇಲ್ಲಿ ಅದು ತೊಯ್ದಿದೆ. ಏಕೆ? ಕೇಳುತ್ತ ಹೋದರೆ ಆಕೆಗೆ ಮಹಾನವಮಿಯ ಮುಂಚಿನ ದಿನಗಳು ನೆನಪಾಗುತ್ತವೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಹಾಸಿಗೆ-ಕೌದಿಗಳನ್ನೆಲ್ಲ ಗಂಟು ಕಟ್ಟಿ ಹಳ್ಳಕ್ಕೆ ಒಯ್ಯುವುದು, ತೊಯ್ದ ಕೌದಿಯನ್ನು ಎರಡೂ ತುದಿ ಹಿಡಿದು ಅವ್ವ ಒಂದು ಕಡೆ, ಮಗಳು ಒಂದು ಕಡೆ ಹಿಂಡುವುದು. ಒಬ್ಬರಿಂದ ಆಗದ ಕೆಲಸ ಅದು. ಕನಸಿನಲ್ಲಿ ಆ ಕಡೆಯ ತುದಿ ಹಿಡಿಯುವವರು ಇಲ್ಲ. ಈ ಸಾಲು ಬರೆಯುವಾಗ ಆಕೆಗೆ ಅಳು ಬಂದರೆ ಬರಲಿ. ಕೊನೆಯ ದಿನಗಳಲ್ಲಿ ಅವ್ವನ ಆರೈಕೆ ಅಣ್ಣನ ಮನೆಯಲ್ಲೇ ಆಯಿತು, ತಾನು ರಜೆ ಸಿಕ್ಕಾಗ ಹೋಗಿ ಬಂದೆ, ಈಗ ವಾಟ್ನಿಯ ಮಾತಿನಲ್ಲಿ ಅಣ್ಣ ಅದನ್ನೇ ಎತ್ತಿಯಾನು ಎಂಬ ಅಳುಕು. ಫೋನ್ ಎತ್ತದಿದ್ದದ್ದು ಅದಕ್ಕೇ. ನಾಚಿಕೆ ಎಲ್ಲಿಯದು ಎಂಬುದಕ್ಕೆ ಈಗ ಉತ್ತರ ಸಿಕ್ಕಿತು.

ಚಿಲ್ಲರೆಯದು? ಗೊತ್ತಾಗಲಿಲ್ಲ. ಇರಲಿ. ಎಲ್ಲ ತುಣುಕಿಗೂ ಅರ್ಥ ಹಚ್ಚಲೇಬೇಕೆಂದು ಕೂತರೆ ಕನಸು ಕೆಡುತ್ತದೆ. ಹೊಂದಿದ ಅರ್ಥಕ್ಕೆ ಒಂದು ಗುರುತಿದೆ: ಮೈ ‘ಹೂಂ’ ಅನ್ನುತ್ತದೆ. ಉಸಿರು ಸಡಿಲಾಗುತ್ತದೆ, ಕಣ್ಣು ಒದ್ದೆಯಾಗುತ್ತದೆ, ಇಲ್ಲವೇ ನಗು ಬರುತ್ತದೆ. ಬುದ್ಧಿಯಷ್ಟೇ ಒಪ್ಪಿದ ಅರ್ಥವನ್ನು ಪೆನ್ಸಿಲಿನಲ್ಲಿ ಬರೆದಿಡಿ.

ಇನ್ನೂ ಒಂದು ಸುತ್ತು ಇದೆ. ಕನಸಿನ ಒಂದೊಂದು ಪಾತ್ರವೂ ತಾನೇ ಮಾತಾಡಲಿ: ‘ನಾನು ಕೌದಿ. ನನ್ನನ್ನ ಯಾಕ ಒಣಗಿಸವಲ್ಲಿ?’ ಕೇಳಲು ಹುಡುಗಾಟ ಅನಿಸುತ್ತದೆ, ಆದರೆ ಇದರ ಬೇರು ಹಳೆಯದು. ಕನಸಿನಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ. ರಥ, ಕುದುರೆ, ದಾರಿಗಳನ್ನು ಕಾಣುವವನು ತಾನೇ ಸೃಷ್ಟಿಸಿಕೊಳ್ಳುತ್ತಾನೆ ಎನ್ನುತ್ತದೆ ಬೃಹದಾರಣ್ಯಕ ಉಪನಿಷತ್ತು. ಹಾಗಾದರೆ ಬಸ್ಸೂ ನನ್ನದೇ, ಸೀಟಿಯೂ ನನ್ನದೇ. ಚಿಲ್ಲರೆ ಕೇಳಿದ ಅಣ್ಣನೂ ನನ್ನೊಳಗೆ ಲೆಕ್ಕ ಕೇಳುತ್ತಿರುವ ಒಬ್ಬ. ಊರಲ್ಲಿರುವ ನಿಜವಾದ ಅಣ್ಣನನ್ನು ಕನಸಿನ ಸಾಕ್ಷಿಯ ಮೇಲೆ ಅಪರಾಧಿ ಮಾಡಬೇಡಿ. ಗಂಡ ಇನ್ನೊಬ್ಬಳ ಕೂಡ ಕಂಡ ಎಂದು ಬೆಳಗ್ಗೆ ಚಹಾ ಕೊಡದೆ ಸಿಟ್ಟಾಗುವ ಮನೆಗಳಿವೆ!

ಐದನೆಯ ಹೆಜ್ಜೆ: ಒಂದು ಸಣ್ಣ ಕೆಲಸ

ಅರ್ಥ ಸಿಕ್ಕ ಮೇಲೆ ಎರಡು ದಿನದೊಳಗೆ ಕೈಯಿಂದ ಆಗುವಂಥ ಏನಾದರೂ ಮಾಡಿ. ಅಣ್ಣನಿಗೆ ತಿರುಗಿ ಫೋನ್ ಮಾಡುವುದು, ವಾಟ್ನಿಯ ಮಾತಿಗೆ ಮೊದಲು ‘ಅವ್ವನ ಕೌದಿ ನನಗ ಕೊಡ್ತೀಯೇನ್ ಅಣ್ಣಾ?’ ಎಂದು ಕೇಳುವುದು. ದೊಡ್ಡ ನಿರ್ಧಾರ ಬೇಡ. ನೌಕರಿ ಬಿಡುವುದು, ಸಂಬಂಧ ಮುರಿಯುವುದು, ಹೊಲ ಮಾರುವುದು ಇವನ್ನು ಕನಸಿನ ಮಾತಿಗೆ ಮಾಡಬಾರದು.

ಕೆಟ್ಟ ಕನಸು ಮತ್ತೆ ಮತ್ತೆ ಬಿದ್ದರೆ

ಇದಕ್ಕೆ ಪರೀಕ್ಷೆಗೊಳಗಾದ ವಿಧಾನವೊಂದಿದೆ. ಲೈಂಗಿಕ ದೌರ್ಜನ್ಯ ಅನುಭವಿಸಿ ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರ ಮೇಲೆ ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಇದನ್ನು ಅಭ್ಯಾಸ ಮಾಡಿದವರಲ್ಲಿ ದುಃಸ್ವಪ್ನಗಳು ಕಡಿಮೆಯಾದವು, ನಿದ್ದೆ ಸುಧಾರಿಸಿತು. ಮಾಡುವುದು ಸರಳ. ಹಗಲು ಹೊತ್ತಿನಲ್ಲಿ ಕನಸನ್ನು ಬರೆಯಿರಿ. ನಿಮಗೆ ಬೇಕಾದಂತೆ ಅದನ್ನು ಬದಲಿಸಿ. ಕೊನೆಯನ್ನಾಗಲಿ ನಡುವನ್ನಾಗಲಿ, ಯಾವ ಕಟ್ಟಳೆಯೂ ಇಲ್ಲ. ಬದಲಿಸಿದ್ದನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲೇ ನಡೆಸಿ. ಹಳೆಯದನ್ನು ಮತ್ತೆ ಕೆದಕಬೇಡಿ. ಕೆಲವು ವಾರ ಹಿಡಿಯುತ್ತದೆ.

ಓಣಿಯಲ್ಲಿ ನಾಯಿ ಬೆನ್ನತ್ತುವ ಕನಸಾದರೆ ನಾಯಿಯನ್ನು ಹೊಡೆದು ಗೆಲ್ಲಲೇಬೇಕೆಂದಿಲ್ಲ. ನೀವು ತಿರುಗಿ ನಿಂತಾಗ ಅದು ಕಟ್ಟೆಯ ಮೇಲೆ ಕೂತ ಅಜ್ಜಿಯ ಕೈಯ ರೊಟ್ಟಿ ತುಣುಕಿಗೆ ಬಾಲ ಅಲ್ಲಾಡಿಸಿದರೂ ಸಾಕು. ಮೊದಲು ಸಣ್ಣ ಅಂಜಿಕೆಯ ಕನಸಿನಿಂದ ರೂಢಿ ಮಾಡಿಕೊಳ್ಳಿ. ನಿಜವಾಗಿ ನಡೆದ ಘೋರ ಘಟನೆಯೇ ಕನಸಾಗಿ ಮರಳುತ್ತಿದ್ದರೆ ಒಬ್ಬರೇ ಇದಕ್ಕೆ ಕೈ ಹಾಕದೆ ಮನೋವೈದ್ಯರ ಜೊತೆ ಮಾಡಿ.

ಎಚ್ಚರವಾಗಿದೆ, ಕೈಕಾಲು ಅಲ್ಲಾಡುತ್ತಿಲ್ಲ, ಎದೆಯ ಮೇಲೆ ಏನೋ ಕೂತಂತಿದೆ ಎಂಬ ಅನುಭವ ಬೇರೆ. ಹಳ್ಳಿಯಲ್ಲಿ ಇದನ್ನು ದೆವ್ವದ ಕಾಟ ಅನ್ನುವುದುಂಟು. ರೆಮ್ ನಿದ್ದೆಯಲ್ಲಿ ಕನಸಿನಂತೆ ಎದ್ದು ಓಡದಿರಲೆಂದು ಮೈಯ ಸ್ನಾಯುಗಳು ಸಡಿಲಾಗಿರುತ್ತವೆ; ಎಚ್ಚರ ಮೊದಲು ಬಂದು ಸ್ನಾಯು ತಡವಾಗಿ ಮರಳಿದರೆ ಹೀಗಾಗುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಉಸಿರಿನ ಮೇಲೆ ಗಮನವಿಟ್ಟು ಒಂದು ಬೆರಳು ಅಲ್ಲಾಡಿಸಲು ನೋಡಿ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು.

ತೀರಿಕೊಂಡವರು ಬಂದಾಗ

‘ಅಪ್ಪ ಕನಸಿನಾಗ ಬಂದಿದ್ದ, ಏನೂ ಮಾತಾಡ್ಲಿಲ್ಲ’ ಎಂದು ಹೇಳುವವರ ದನಿಯಲ್ಲಿ ಅಂಜಿಕೆಗಿಂತ ಆಸೆಯೇ ಹೆಚ್ಚಿರುತ್ತದೆ. ಎಡೆ ಬೇಕಾಗಿರಬೇಕು, ಏನೋ ಕೊರತೆಯಾಗಿದೆ ಎನ್ನುವುದು ಮನೆಯವರ ಉತ್ತರ. ಎಡೆ ಹಿಡಿದು ಸಮಾಧಾನವಾಗುವುದಾದರೆ ಹಿಡಿಯಿರಿ, ಹಿರಿಯರ ಹಬ್ಬಕ್ಕೆ ಕಾಯಲೂಬೇಡಿ. ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡರೆ ಕನಸು ತಂದದ್ದು ಅರ್ಧವೇ ಸಿಗುತ್ತದೆ. ಅವರು ಯಾವ ವಯಸ್ಸಿನಲ್ಲಿ ಕಂಡರು? ದವಾಖಾನೆಯ ಹಾಸಿಗೆಯ ಮೇಲಿನ ಸೊರಗಿದ ಅಪ್ಪನೋ, ಸೈಕಲ್ ಹೊಡೆಯುತ್ತಿದ್ದ ಅಪ್ಪನೋ? ದುಃಖ ಹಸಿಯಾಗಿರುವಾಗ ಬಹಳ ಮಂದಿಗೆ ಕಾಯಿಲೆಯ ರೂಪವೇ ಕಾಣುತ್ತದೆ. ಆರೋಗ್ಯವಾಗಿ, ನಗುತ್ತ ಕಂಡ ದಿನ ಎದ್ದವರಿಗೆ ಹಗುರ ಅನಿಸುತ್ತದೆ. ಆ ದಿನಾಂಕ ಬರೆದಿಡಿ.

ಆಮೇಲೆ ಅವರಿಗೊಂದು ಪತ್ರ ಬರೆಯಿರಿ. ಹೇಳಲಾಗದೆ ಉಳಿದದ್ದು, ಕೇಳಬೇಕಾಗಿದ್ದ ಕ್ಷಮೆ, ಇನ್ನೂ ಹೋಗದ ಸಿಟ್ಟು ಎಲ್ಲ ಇರಲಿ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂಬ ಸಂಕೋಚವೇ ಎಷ್ಟೋ ಜನರ ಕನಸಿನಲ್ಲಿ ಬೀಗ ಹಾಕಿದ ಕೋಣೆಯಾಗಿ ಬರುತ್ತದೆ ಎಂಬುದು ನನ್ನ ಅನಿಸಿಕೆ. ಮರುದಿನ ಅವರೇ ನಿಮಗೆ ಉತ್ತರ ಬರೆದಂತೆ, ಅವರ ಮಾತಿನ ಧಾಟಿಯಲ್ಲೇ ನೀವು ಬರೆಯಿರಿ. ಅಪ್ಪ ಬೈದೇ ಪ್ರೀತಿ ತೋರಿಸುವವನಾಗಿದ್ದರೆ ಪತ್ರದಲ್ಲೂ ಬೈಯಲಿ.

ಕನಸಿನಿಂದ ಸಾಧನೆಗೆ

ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಸಾಲಾಗಿ ಇಟ್ಟು, ಅವುಗಳಲ್ಲಿರುವವನನ್ನು ವೈಶ್ವಾನರ, ತೈಜಸ, ಪ್ರಾಜ್ಞ ಎಂದು ಕರೆದು, ನಾಲ್ಕನೆಯದಾಗಿ ಈ ಮೂರನ್ನೂ ಮೀರಿದ ತುರೀಯವನ್ನು ಹೇಳುತ್ತದೆ. ಕನಸಿನ, ನಿದ್ದೆಯ ಅರಿವನ್ನು ಆಸರೆ ಮಾಡಿಕೊಂಡರೂ ಚಿತ್ತ ನೆಲೆ ನಿಲ್ಲುತ್ತದೆ ಎಂಬುದು ಪತಂಜಲಿಯ ಸೂತ್ರ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು (1836–1929) ಬೋಧಿಸಿದ ಅದ್ವೈತದ ಹಿಂದಿರುವ ವಿಚಾರವೂ ಇದೇ: ಕನಸು ಕಂಡೆ ಎನ್ನುವವನು, ನಿದ್ದೆ ಮಾಡಿದೆ ಎನ್ನುವವನು, ಈಗ ಎಚ್ಚರವಾಗಿದ್ದೇನೆ ಎನ್ನುವವನು ಒಬ್ಬನೇ ಅಲ್ಲವೇ, ಅವನು ಯಾರು?

ಮಾಡುವ ಕ್ರಮ ಹೀಗೆ. ಮಲಗಿದ ಮೇಲೆ ಆ ದಿನವನ್ನು ಸಂಜೆಯಿಂದ ಬೆಳಗಿನ ಕಡೆಗೆ ಹಿಂದುಹಿಂದಕ್ಕೆ ನೆನೆಯಿರಿ. ಯಾರನ್ನೂ ತೂಗದೆ, ತಮ್ಮನ್ನೂ ತೂಗದೆ. ಒಂದು ಪ್ರಶ್ನೆ ಇದ್ದರೆ ಅದನ್ನು ಒಂದೇ ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡಿ. ಆಮೇಲೆ ‘ಓಂ ನಮಃ ಶಿವಾಯ’ ಆಗಲಿ, ನಿಮ್ಮ ಮನೆಯ ಯಾವ ನಾಮವೇ ಆಗಲಿ, ಉಸಿರಿನ ಜೊತೆ ನಡೆಸುತ್ತ ಜಂಪು ಹತ್ತಲು ಬಿಡಿ. ಬೆಳಗ್ಗೆ ಕನಸಿಗೂ ಎಚ್ಚರಕ್ಕೂ ನಡುವೆ, ಹೆಸರು, ಊರು, ನೌಕರಿ ನೆನಪಾಗುವ ಮೊದಲು ಒಂದು ಗಳಿಗೆ ಇರುತ್ತದೆ. ಅಲ್ಲಿ ಸುಮ್ಮನೆ ಇರುವುದೇ ಅಭ್ಯಾಸ. ಮೊದಮೊದಲು ಅದು ಕಣ್ತಪ್ಪಿಸಿ ಹೋಗುತ್ತದೆ.

ಕನಸಿನಲ್ಲೇ ‘ಇದು ಕನಸು’ ಎಂದು ಎಚ್ಚೆತ್ತು ಹಾರಾಡುವುದನ್ನು ಕಲಿಸುವವರು ಈಗ ಬಹಳ. ಅದು ಸಾಧ್ಯ ಎಂಬುದು ಪ್ರಯೋಗಾಲಯದಲ್ಲಿ ಸಿದ್ಧವಾಗಿದೆ. ಆದರೆ ಅದರ ಬೆನ್ನತ್ತಿ ನಿದ್ದೆ ಹಾಳು ಮಾಡಿಕೊಳ್ಳುವಷ್ಟು ಲಾಭ ನನಗೆ ಅದರಲ್ಲಿ ಕಾಣುವುದಿಲ್ಲ.

ದೇವರು, ಗುರುಗಳು ಕನಸಿಗೆ ಬಂದರೆ? ಕಾಗಿನೆಲೆಯ ಆದಿಕೇಶವ ಕನಸಿನಲ್ಲಿ ಬಂದು ದಾಸನಾಗೆಂದು ಕರೆದರೂ ಕನಕನಾಯಕ ಕೂಡಲೇ ಒಪ್ಪಲಿಲ್ಲ, ಯುದ್ಧದಲ್ಲಿ ಗಾಯಗೊಂಡ ಮೇಲೆಯೇ ಮನಸ್ಸು ತಿರುಗಿತು ಎಂಬ ಐತಿಹ್ಯವಿದೆ. ಆ ತಡ ನನಗೆ ಇಷ್ಟ. ಸಾಲ ಮಾಡಿ ಹರಕೆ ತೀರಿಸಲು ಹೊರಡುವ ಮುನ್ನ ನೀವೂ ತಡೆಯಿರಿ. ನೋಡಬೇಕಾದದ್ದು, ಆ ಕನಸಿನ ಆಮೇಲೆ ಮನೆಯವರ ಕೂಡ ನಿಮ್ಮ ಮಾತು ತುಸುವಾದರೂ ಮೆತ್ತಗಾಯಿತೇ ಎಂಬುದು. ಕನಸಿಗೆ ಪರಿಹಾರ ಮಾಡಿಸುತ್ತೇನೆ ಎಂದು ದುಡ್ಡು ಕೇಳುವವರನ್ನು ಬಾಗಿಲಲ್ಲೇ ಕಳಿಸಿ.

ಕೂಡಿ ಕೂತು ಹೇಳಿಕೊಳ್ಳುವುದು

ಮೂರ್ನಾಲ್ಕು ಜನ ನಂಬಿಕಸ್ಥರಿದ್ದರೆ ವಾರಕ್ಕೊಮ್ಮೆ ಕೂಡಿ. ಅಮೆರಿಕದ ಮನೋವೈದ್ಯ ಮಾಂಟೇಗ್ ಉಲ್ಮನ್ ರೂಪಿಸಿದ ಪದ್ಧತಿಯ ತಿರುಳು ಒಂದೇ: ಕೇಳಿದವರು ‘ನಿನ್ನ ಕನಸಿನ ಅರ್ಥ ಇದು’ ಅನ್ನುವಂತಿಲ್ಲ. ‘ಇದು ನನಗ ಬಿದ್ದ ಕನಸಾಗಿದ್ರ ನನಗ ಹೀಂಗ ಅನಸ್ತಿತ್ತು’ ಎಂದೇ ಶುರು ಮಾಡಬೇಕು. ಕಂಡವರು ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ, ಉಳಿದದ್ದು ಬಿಡುತ್ತಾರೆ. ಹೊರಗೆ ಸುದ್ದಿ ಹೋಗಬಾರದು. ಮನೆಯ ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ತಕ್ಕ ಜಾಗವಲ್ಲ.

ದವಾಖಾನೆಗೆ ಹೋಗಬೇಕಾದದ್ದು ಯಾವಾಗ

ದುಃಸ್ವಪ್ನದಿಂದ ಮಲಗಲೇ ಅಂಜಿಕೆಯಾಗುತ್ತಿದ್ದರೆ, ಹಗಲೂ ಆ ದೃಶ್ಯಗಳು ಕಣ್ಣೆದುರು ಬರುತ್ತಿದ್ದರೆ, ಬದುಕು ಬೇಡ ಅನಿಸಿದರೆ ನೋಟ್‌ಬುಕ್ ಮುಚ್ಚಿಟ್ಟು ನೆರವು ಕೇಳಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಈ ಭಾಗದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಐವತ್ತು ದಾಟಿದವರು ನಿದ್ದೆಯಲ್ಲೇ ಕೂಗಿ, ಗುದ್ದಿ, ಒದ್ದು, ಕನಸಿನಂತೆ ನಡೆದುಕೊಳ್ಳಲು ಶುರು ಮಾಡಿದರೆ ನರರೋಗ ತಜ್ಞರಿಗೆ ತೋರಿಸಬೇಕು. ಕೆಲವರಲ್ಲಿ ಅದು ಪಾರ್ಕಿನ್‌ಸನ್ಸ್‌ನಂಥ ಕಾಯಿಲೆಯ ಮುನ್ಸೂಚನೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ಹೇಳಿ. ಬಿಪಿಗೆ ಕೊಡುವ ಬೀಟಾ ಬ್ಲಾಕರ್, ಖಿನ್ನತೆಯ ಕೆಲವು ಗುಳಿಗೆಗಳು ಕನಸನ್ನು ಗಾಢಗೊಳಿಸುವುದುಂಟು. ತಾವಾಗಿ ನಿಲ್ಲಿಸದೆ, ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಚೀಟಿ ಒಯ್ಯಿರಿ. ರಾತ್ರಿ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ವೈದ್ಯರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅವರಿಗೇ.